ಹತ್ತಿ, ಅರಳೆ, ‘ಕಾಟನ್’: ಆದವಾನಿ ಸೀಮೆಯ ಅರ್ಥವಿಂಗಡಣೆ

ಇಂಗ್ಲಿಷಿನ ‘ಕಾಟನ್’ ಪದಕ್ಕೆ ‘ಹತ್ತಿ’ ಎಂದು ಅರ್ಥ ಕೊಟ್ಟು ಮುಂದೆ ಸಾಗುವುದು ನಮ್ಮಲ್ಲಿ ರೂಢಿ. ಆದರೆ ಬಿತ್ತನೆಯಿಂದ ಮಗ್ಗದವರೆಗಿನ ಕಸುಬುಗಳೆಲ್ಲ ಬೇರೂರಿದ ಆದವಾನಿ (ಆದೋನಿ) ಸೀಮೆಯ ಬಳಕೆಯನ್ನು ಮುಂದಿಟ್ಟುಕೊಂಡರೆ ಈ ಸಮೀಕರಣ ನಿಲ್ಲುವುದಿಲ್ಲ. ಕಾಳು ಕೂಡಿದ ಹತ್ತಿಗೂ ಕಾಳು ತೆಗೆದ ಅರಳೆಗೂ ಇಲ್ಲಿನ ಭಾಷೆಗಳಲ್ಲಿ ಬೇರೆ ಬೇರೆ ಹೆಸರುಗಳಿವೆ. ಇಂಗ್ಲಿಷಿಗೆ ಎರಡೂ ‘ಕಾಟನ್’. ಈ ವ್ಯತ್ಯಾಸದ ಸ್ವರೂಪವನ್ನೂ ಅದರ ಪರಿಣಾಮವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸೀಮೆ

1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ದತ್ತಮಂಡಲದಲ್ಲಿ ಆದವಾನಿಯೂ ಸೇರಿತ್ತು. ಮುಂದೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದ ಇದು 1953ರ ಅಕ್ಟೋಬರ್ 1ರಂದು ಆಲೂರು, ರಾಯದುರ್ಗಗಳೊಡನೆ ಆಂಧ್ರ ರಾಜ್ಯದ ಪಾಲಾಯಿತು. ಆಡಳಿತ ಬದಲಾದರೂ ಹೊಳಗುಂದಿ, ಹಾಲಹರವಿ, ಕೌತಾಳಂ, ಕೋಸಿಗಿ ಭಾಗಗಳಲ್ಲಿ ಕನ್ನಡ ಮನೆಮಾತಾಗಿ ಉಳಿದಿದೆ. ಪೇಟೆಯಲ್ಲಿ ತೆಲುಗು, ದಖನಿ ಉರ್ದು ಜೊತೆಗೂಡುತ್ತವೆ. ಎರೆಹೊಲಗಳ ಹತ್ತಿ ಆದವಾನಿಯ ಮಾರುಕಟ್ಟೆಗೂ ಜಿನ್ನುಗಳಿಗೂ ಬರುತ್ತದೆ. ನೆರೆಯ ಎಮ್ಮಿಗನೂರು ನೇಕಾರರ ಊರು. ಮಾಚಾನಿ ಸೋಮಪ್ಪನವರು ಕಟ್ಟಿದ ನೇಕಾರರ ಸಹಕಾರ ಸಂಘದಿಂದ ಹೆಸರಾದದ್ದು. ನಿಘಂಟಿನ ಚರಿತ್ರೆಗೂ ಈ ಪ್ರದೇಶ ಹೊರತಲ್ಲ. ಇಂಗ್ಲಿಷ್–ಕನ್ನಡ (1824), ಕನ್ನಡ–ಇಂಗ್ಲಿಷ್ (1832) ನಿಘಂಟುಗಳನ್ನು ರಚಿಸಿದ ವಿಲಿಯಂ ರೀವ್ ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಪಾದ್ರಿ.

2. ಕ್ರಿಯಾಪದಗಳ ಸಾಕ್ಷ್ಯ

ಹೆಸರುಗಳ ಅರ್ಥದ ಎಲ್ಲೆಯನ್ನು ಅವುಗಳೊಡನೆ ಬರುವ ಕ್ರಿಯಾಪದಗಳಿಂದ ಗುರುತಿಸಬಹುದು. ಬಿತ್ತುವುದು ಹತ್ತಿ, ಬಿಡಿಸುವುದು ಹತ್ತಿ, ಮಾರುಕಟ್ಟೆಯಲ್ಲಿ ರೈತ ತೂಗಿಸುವುದೂ ಹತ್ತಿಯೇ. ಜಿನ್ನಿನಲ್ಲಿ ಅದು ಎರಡಾಗುತ್ತದೆ: ಹತ್ತಿಕಾಳು ಎಣ್ಣೆಗೂ ದನದ ಮೇವಿಗೂ ಹೋದರೆ, ಉಳಿದದ್ದು ಅರಳೆ. ಹಿಂಜುವುದು ಅರಳೆಯನ್ನು, ಹಿಂಜಿ ಹೊಸೆದರೆ ಹಂಜಿ, ಹಂಜಿಯಿಂದ ನೂಲು. ಕೈ ಬದಲಾದಂತೆ ಹೆಸರೂ ಬದಲಾಗುತ್ತದೆ.

ಇವು ಸಮಬಲದ ಪದಗಳಲ್ಲ ಎಂಬುದನ್ನೂ ಗಮನಿಸಬೇಕು. ‘ಹತ್ತಿ’ ತನ್ನ ಎಲ್ಲೆ ಮೀರಿ ಹಬ್ಬಬಲ್ಲದು: ದೀಪದ ಬತ್ತಿಗೆ ಹೊಸೆಯುವುದನ್ನೂ ಗಾಯಕ್ಕೆ ಒತ್ತುವುದನ್ನೂ ಹತ್ತಿ ಎನ್ನುತ್ತೇವೆ, ಹತ್ತಿ ಬಟ್ಟೆ ಎಂದೂ ಹೇಳುತ್ತೇವೆ. ‘ಅರಳೆ’ ಹಾಗಲ್ಲ. ಅರಳೆ ಗಿಡ, ಅರಳೆ ಹೊಲ ಎಂದು ಯಾರೂ ಅನ್ನರು. ಹತ್ತಿ ಸಾಮಾನ್ಯವಾಚಿ, ಅರಳೆ ವಿಶೇಷವಾಚಿ. ವಿಶೇಷವಾಚಿಯೊಂದು ಕೈಯಲ್ಲಿದ್ದೂ ಸಾಮಾನ್ಯವಾಚಿಯನ್ನೇ ಎಲ್ಲೆಡೆ ಬಳಸಿದಾಗ ಗೊಂದಲ ಹುಟ್ಟುತ್ತದೆ.

3. ನೆರೆಭಾಷೆಗಳು

ತೆಲುಗಿನ ‘ಪತ್ತಿ’ಯೂ ತಮಿಳಿನ ‘ಪರುತ್ತಿ’ಯೂ ನಮ್ಮ ‘ಹತ್ತಿ’ಯ ಜ್ಞಾತಿಪದಗಳು. ಬೀಜ ತೆಗೆದದ್ದಕ್ಕೆ ತೆಲುಗಿನಲ್ಲಿ ‘ದೂದಿ’. ಉರ್ದುವಿನಲ್ಲಿ ಮೊದಲನೆಯದು ‘ಕಪಾಸ್’, ಎರಡನೆಯದು ‘ರೂಯಿ’. ಅಂದರೆ ಮೂಲ ಬೇರೆಯಾದ ಪದಗಳೂ ಅರ್ಥವನ್ನು ಒಡೆಯುವ ಜಾಗ ಒಂದೇ: ಕಾಳು ಬೇರ್ಪಡುವ ಹಂತ. ಭಾಷೆಯ ಗಡಿ ದಾಟಿದರೂ ಅರ್ಥದ ಗಡಿ ಅಲುಗುವುದಿಲ್ಲ.

ಇಂಗ್ಲಿಷಿನ ದಾರಿ ಬೇರೆ. ಅರಬಿಯ ‘ಕುತ್ನ್’ ಫ್ರೆಂಚಿನ ಮೂಲಕ ‘ಕಾಟನ್’ ಆಗಿ ಅಲ್ಲಿಗೆ ತಲುಪಿತು. ಹತ್ತಿ ಬೆಳೆಯದ ಆ ನಾಡಿಗೆ ಇದು ಹಡಗಿನಲ್ಲಿ ಬಂದ ಸರಕು. ಗಿಡ, ಎಳೆ, ಹೊಲಿಗೆಯ ದಾರ, ಬಟ್ಟೆ ಎಲ್ಲಕ್ಕೂ ಒಂದೇ ಪದ ಸಾಕಾದದ್ದಕ್ಕೆ ಇದೂ ಒಂದು ಕಾರಣವೆಂದು ಊಹಿಸಬಹುದು. ವ್ಯತ್ಯಾಸ ಬೇಕಾದಾಗ ಇಂಗ್ಲಿಷ್ ‘ಸೀಡ್ ಕಾಟನ್’, ‘ಲಿಂಟ್’ ಎಂದು ವಿಂಗಡಿಸುತ್ತದೆ. ಭಾರತದ ವ್ಯಾಪಾರದಲ್ಲಿ ‘ಕಪಾಸ್’ ಪದವನ್ನೇ ಎರವಲು ಪಡೆದಿದೆ.

4. ಅಂಕಿಗಳಲ್ಲಿ ಅರ್ಥದೋಷ

ಇದು ಬರಿಯ ನಿಘಂಟಿನ ಪ್ರಶ್ನೆಯಲ್ಲ. ಭಾರತದ ಕಾಟನ್ ಇಳುವರಿ ಹೆಕ್ಟೇರಿಗೆ 450 ಕೆ.ಜಿ. ಆಸುಪಾಸು ಎಂದು ವರದಿಗಳು ಹೇಳುತ್ತವೆ. ಕನ್ನಡದಲ್ಲಿ ‘ಹತ್ತಿಯ ಇಳುವರಿ’ ಎಂದಾಗ ರೈತ ಅದನ್ನು ಎಕರೆಗೆ 1.8 ಕ್ವಿಂಟಲ್ ಎಂದು ಓದಿಕೊಳ್ಳುತ್ತಾನೆ. ಇಷ್ಟು ಕಡಿಮೆಯೇ ಎಂದು ಹುಬ್ಬೇರಿಸುತ್ತಾನೆ. ಆ ಲೆಕ್ಕ ಇರುವುದು ಅರಳೆಯದು. ಹತ್ತಿಯ ತೂಕದಲ್ಲಿ ಅರಳೆ ಮೂರನೇ ಒಂದು ಪಾಲು, ಹೆಚ್ಚೆಂದರೆ ತುಸು ಮೇಲೆ. ಶೇ. 34ರಂತೆ ಹಿಡಿದರೆ ಅದೇ ಇಳುವರಿ ಎಕರೆಗೆ ಐದು ಕ್ವಿಂಟಲ್ ಹತ್ತಿಗೂ ಮಿಗಿಲು.

ಬೆಲೆಯ ವಿಷಯವೂ ಹಾಗೆಯೇ. 2024–25ರ ಬೆಂಬಲ ಬೆಲೆ, ಉದ್ದ ಎಳೆಯದಕ್ಕೆ ಕ್ವಿಂಟಲಿಗೆ 7,521 ರೂ., ಮಧ್ಯಮ ಎಳೆಯದಕ್ಕೆ 7,121 ರೂ., ನಿಗದಿಯಾದದ್ದು ಕಾಳುಸಹಿತ ಹತ್ತಿಗೆ. ಗಿರಣಿಗಳ ವ್ಯಾಪಾರ ನಡೆಯುವುದು 356 ಕೆ.ಜಿ.ಯ ಖಂಡಿ ಲೆಕ್ಕದಲ್ಲಿ, ಅರಳೆಗೆ. ಒಂದು ಖಂಡಿ ಅರಳೆಗೆ ಸುಮಾರು ಹತ್ತೂವರೆ ಕ್ವಿಂಟಲ್ ಹತ್ತಿ ಬೇಕು. ಎರಡನ್ನೂ ‘ಹತ್ತಿ ಧಾರಣೆ’ ಎಂಬ ಒಂದೇ ಶೀರ್ಷಿಕೆಯಡಿ ಅಚ್ಚುಹಾಕಿದರೆ ಹೋಲಿಕೆಯೇ ತಪ್ಪುತ್ತದೆ. 170 ಕೆ.ಜಿ.ಯ ಬೇಲುಗಳಲ್ಲಿ ಹೇಳುವ ದೇಶದ ಒಟ್ಟು ಉತ್ಪಾದನೆಗೂ ಇದೇ ಮಾತು ಸಲ್ಲುತ್ತದೆ.

5. ನಿಗಮನ

‘ಕಾಟನ್’ಗೆ ಒಂದೇ ಸಮಾನಪದ ಹುಡುಕುವ ಬದಲು ಯಾವ ಹಂತದ ಸರಕು ಎಂಬುದನ್ನು ಮೊದಲು ನಿರ್ಧರಿಸಬೇಕು. ನಿಘಂಟುಗಳು ಗಿಡಕ್ಕೂ ಕಾಳುಸಹಿತ ಬೆಳೆಗೂ ಹತ್ತಿಯನ್ನು, ಕಾಳು ತೆಗೆದದ್ದಕ್ಕೆ ಅರಳೆಯನ್ನು ಪ್ರತ್ಯೇಕ ಅರ್ಥಗಳಾಗಿ ನಮೂದಿಸಿ, ಅವುಗಳೊಡನೆ ಬರುವ ಕ್ರಿಯಾಪದಗಳನ್ನೂ ಕೊಡುವುದು ಉಚಿತ. ಕೃಷಿವರದಿ, ಪಠ್ಯಪುಸ್ತಕ, ಪತ್ರಿಕೆಗಳ ಧಾರಣೆಪಟ್ಟಿಗಳಿಗೆ ಬೇಕಾದ ಪಾರಿಭಾಷಿಕ ಪದವನ್ನು ಹೊಸದಾಗಿ ಟಂಕಿಸಬೇಕಾಗಿಲ್ಲ. ಅರಳೆಯನ್ನು ಅದರ ನಿಯತ ಅರ್ಥದಲ್ಲಿ ಬಳಸಿದರೆ ಸಾಕು.