ಮೂಳೆಯ ಸೋಂಕು ಮತ್ತು ಆರು ವಾರದ ಡ್ರಿಪ್

ಬದಲಿ ಕೀಲಿಗೆ ಸೋಂಕು ತಗುಲಿದರೆ ಸುಮಾರು ಆರು ವಾರ ಆಂಟಿಬಯೋಟಿಕ್ಕನ್ನು ರಕ್ತನಾಳಕ್ಕೇ ಕೊಡಬೇಕೆಂಬ ರೂಢಿ ಅರ್ಧ ಶತಮಾನ ನಡೆದುಬಂತು. ಅದರ ಬೇರು ಪೆನಿಸಿಲಿನ್ ಕಾಲದ್ದು. 1940ರ ದಶಕದಲ್ಲಿ ಬಳಕೆಗೆ ಬಂದ ಬೆಂಜೈಲ್ ಪೆನಿಸಿಲಿನ್ ಹೊಟ್ಟೆಯ ಆಮ್ಲದಲ್ಲಿ ಬಹುಪಾಲು ಹಾಳಾಗುತ್ತಿದ್ದುದರಿಂದ ಚುಚ್ಚದೆ ಬೇರೆ ದಾರಿಯಿರಲಿಲ್ಲ. ಮೇಲಾಗಿ ಮೂಳೆಯ ಗಟ್ಟಿ ಹೊರಪದರಕ್ಕೆ ರಕ್ತದ ಹರಿವು ಕಡಿಮೆ. ಸೋಂಕಿನಿಂದ ಸತ್ತ ತುಣುಕಿಗಂತೂ ರಕ್ತವೇ ತಲುಪದು. 1970ರಲ್ಲಿ ವಾಲ್ಡ್‌ಫೋಗೆಲ್ ಮತ್ತು ಸಂಗಡಿಗರು ಅಮೆರಿಕದ ಮೂಳೆ ಸೋಂಕಿನ ರೋಗಿಗಳ ಹಳೆಯ ದಾಖಲೆಗಳನ್ನು ಪರಿಶೀಲಿಸಿ ಕನಿಷ್ಠ ನಾಲ್ಕು ವಾರ ಚುಚ್ಚುಮದ್ದು ಬೇಕೆಂದರು. ಮಾತ್ರೆಯ ಜೊತೆ ಹೋಲಿಸಿ ನೋಡಿದ ಪ್ರಯೋಗ ಅದಲ್ಲ. ಆದರೂ ಆ ಸಲಹೆ ಕ್ರಮೇಣ ನಿಯಮದಂತೆ ಬೇರೂರಿತು.

ಅದೇ ಹೊತ್ತಿಗೆ ಕೀಲು ಬದಲಾವಣೆ ವ್ಯಾಪಕವಾಗುತ್ತಿತ್ತು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ ಸೋಂಕಿನ ಪ್ರಮಾಣವನ್ನು ಸುಮಾರು ಶೇ. 7ರಿಂದ ಶೇ. 1ಕ್ಕೂ ಕೆಳಗಿಳಿಸಿದ್ದು ಮುಖ್ಯವಾಗಿ ಶಸ್ತ್ರಚಿಕಿತ್ಸಾ ಕೊಠಡಿಯ ಗಾಳಿಯನ್ನು ಶುದ್ಧಗೊಳಿಸಿ. ಹ್ಯಾಂಬರ್ಗಿನ ಶಸ್ತ್ರವೈದ್ಯ ಬುಖ್‌ಹೋಲ್ಟ್ಸ್ ಬೇರೆ ಉಪಾಯ ಹೂಡಿದರು: ಮದ್ದು ರಕ್ತದಿಂದ ಮೂಳೆಗೆ ಇಳಿಯುವವರೆಗೆ ಕಾಯುವ ಬದಲು ಕೀಲನ್ನು ಅಂಟಿಸುವ ಸಿಮೆಂಟಿನಲ್ಲೇ ಜೆಂಟಮೈಸಿನ್ ಎಂಬ ಆಂಟಿಬಯೋಟಿಕ್ ಬೆರೆಸಿದರು. ಅವರ ವರದಿಯೂ 1970ರದ್ದೇ.

ಮೂಳೆಗೆ ಎಷ್ಟು ಮದ್ದು ಸೇರುತ್ತದೆಂದು ಅಳೆಯುವುದು ಮೇಲ್ನೋಟಕ್ಕೆ ಸುಲಭ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಚೂರನ್ನು ಪುಡಿಮಾಡಿ, ಅದರಲ್ಲಿನ ಮದ್ದನ್ನು ರಕ್ತದಲ್ಲಿರುವುದಕ್ಕೆ ಹೋಲಿಸುತ್ತಾರೆ. ಪೆನಿಸಿಲಿನ್ ಮತ್ತು ಸೆಫಲೋಸ್ಪೋರಿನ್ ಗುಂಪಿನವು ಹೆಚ್ಚಾಗಿ ರಕ್ತದ ಮಟ್ಟದ ಐದನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಕ್ವಿನೊಲೋನ್, ಕ್ಲಿಂಡಮೈಸಿನ್, ಲೈನೆಜೊಲಿಡ್ ಸರಿಸುಮಾರು ಅರ್ಧದಷ್ಟು ತಲುಪುತ್ತವೆ. ಈ ಅಂಕಿಗಳನ್ನು ಪೂರ್ತಿ ನಂಬುವಂತಿಲ್ಲ. ಪುಡಿಯಲ್ಲಿ ರಕ್ತ, ಖನಿಜ, ಜೀವಕೋಶ ಎಲ್ಲವೂ ಕಲಸಿಹೋಗಿರುತ್ತವೆ. ಸೆಫಲೋಸ್ಪೋರಿನ್ ಗುಂಪಿನ ಸೆಫಜೋಲಿನ್ ಜೀವಕೋಶದ ಹೊರಗಿನ ದ್ರವದಲ್ಲಷ್ಟೇ ಉಳಿಯುವುದರಿಂದ ಅದರ ಸರಾಸರಿ ಕಡಿಮೆ ಕಾಣುತ್ತದೆ. ರಕ್ತದಲ್ಲಿ ಅದರ ಮಟ್ಟ ಬಹಳ ಹೆಚ್ಚಿರುವುದರಿಂದ ಆ ಸಣ್ಣ ಪಾಲೂ ಸಾಮಾನ್ಯ ಸ್ಟಫೈಲೊಕಾಕಸ್ ಬ್ಯಾಕ್ಟೀರಿಯಾ‌ಗೆ ಸಾಕಾಗುತ್ತದೆ. ಇನ್ನು ರಕ್ತಕ್ಕೆ ಸೇರಿದ ಮದ್ದು ಬಾಯಿಂದ ಬಂದಿತೋ ಸೂಜಿಯಿಂದಲೋ ಎಂದು ಮೂಳೆ ಕೇಳುವುದಿಲ್ಲ. ಲೆವೊಫ್ಲಾಕ್ಸಸಿನ್, ಲೈನೆಜೊಲಿಡ್ ಮಾತ್ರೆಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಹೀರಲ್ಪಡುತ್ತವೆ.

ಬಾಯಿಂದ ಕೊಟ್ಟ ಮದ್ದೂ ಮೂಳೆಯ ಸೋಂಕಿಗೆ ಸಾಕಾಗಬಹುದೆಂದು ಕ್ಷಯದ ಚಿಕಿತ್ಸೆ ಬಹು ಹಿಂದೆಯೇ ಸೂಚಿಸಿತ್ತು. 1960ರ ದಶಕದಲ್ಲಿ ಆರಂಭವಾದ ಕೊರಿಯಾದ ಪ್ರಯೋಗಗಳಲ್ಲಿ ಬೆನ್ನುಮೂಳೆ ಕ್ಷಯದ ರೋಗಿಗಳು ಓಡಾಡುತ್ತ, ಬಾಯಿಂದ ತೆಗೆದುಕೊಂಡ ಮದ್ದಿನಲ್ಲೇ ಗುಣವಾದರು. ಮೂಳೆತಜ್ಞರು ಆ ಪಾಠವನ್ನು ಇತರ ಸೋಂಕುಗಳಿಗೆ ಅನ್ವಯಿಸಲು ತಡಮಾಡಿದ್ದು ವಿಚಿತ್ರವೇ.

ಲೋಹದ ಮೇಲೆ ಬ್ಯಾಕ್ಟೀರಿಯಾ ಕಟ್ಟಿಕೊಳ್ಳುವ ಲೋಳೆಪೊರೆ ಬೇರೆಯದೇ ತೊಡಕು. ಅಲ್ಲಿ ಮದ್ದು ತಲುಪಿದರಷ್ಟೇ ಸಾಲದು. 1998ರಲ್ಲಿ ಸ್ವಿಟ್ಜರ್ಲೆಂಡಿನ ಝಿಮ್ಮರ್ಲಿ ತಂಡ ಇಂಥ ಸೋಂಕಿನ ರೋಗಿಗಳಿಗೆ ಎರಡು ವಾರದ ಡ್ರಿಪ್ ನಂತರ ಸಿಪ್ರೊಫ್ಲಾಕ್ಸಸಿನ್ ಮಾತ್ರೆ ಕೊಟ್ಟಿತು. ಜೊತೆಗೆ ಕ್ಷಯದ ಔಷಧವೇ ಆದ ರಿಫಾಂಪಿಸಿನ್ ಪಡೆದು ಚಿಕಿತ್ಸೆ ಮುಗಿಸಿದ 12 ಮಂದಿಯೂ ಗುಣವಾದರು. ಅದಿಲ್ಲದ 12ರಲ್ಲಿ 7 ಮಂದಿ ಮಾತ್ರ.

ಡ್ರಿಪ್ ಮತ್ತು ಮಾತ್ರೆಗಳ ದೊಡ್ಡ ಪ್ರಮಾಣದ ನೇರ ಹೋಲಿಕೆಗೆ 2019ರವರೆಗೆ ಕಾಯಬೇಕಾಯಿತು. ಬ್ರಿಟನ್ನಿನ ಓವಿವಾ ಪ್ರಯೋಗದ 1054 ರೋಗಿಗಳಲ್ಲಿ ಒಂದು ವರ್ಷದೊಳಗೆ ಚಿಕಿತ್ಸೆ ವಿಫಲವಾದದ್ದು ಡ್ರಿಪ್ ಗುಂಪಿನಲ್ಲಿ ಶೇ. 14.6, ಮಾತ್ರೆ ಗುಂಪಿನಲ್ಲಿ ಶೇ. 13.2. ಹೆಚ್ಚಿನವರಿಗೆ ಮೊದಲು ಶಸ್ತ್ರಚಿಕಿತ್ಸೆ ಆಗಿತ್ತೆಂಬುದನ್ನು ಮರೆಯುವಂತಿಲ್ಲ: ಸತ್ತ ಮೂಳೆಯನ್ನು ಕೆರೆದು ತೆಗೆಯದೆ ಯಾವ ಮದ್ದೂ ನಾಟದು. ಮಾತ್ರೆಗೆ ಬಗ್ಗದ ಬ್ಯಾಕ್ಟೀರಿಯಾ ಇದ್ದಾಗ ಡ್ರಿಪ್ ಬೇಕೇ ಬೇಕು. ಕೀಲು ಬದಲಿಸುವ ಮುನ್ನ ಮುಂಜಾಗ್ರತೆಗೆ ಕೊಡುವ ಸೆಫಜೋಲಿನ್ ಕೂಡ ಇಂದಿಗೂ ರಕ್ತನಾಳದ ಮೂಲಕವೇ, ಚರ್ಮ ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ ಹೋಗುತ್ತದೆ.