ಟಿವಿಯಲ್ಲಿ ಲ್ಯಾಪ್‌ಟಾಪ್ ಚಿತ್ರ ಮಸುಕಾಗಿದೆಯೇ? ದುಬಾರಿ ಎಚ್‌ಡಿಎಂಐ ಕೇಬಲ್ ಕೊಳ್ಳುವ ಮೊದಲು ಇದನ್ನು ಓದಿ

ಲ್ಯಾಪ್‌ಟಾಪನ್ನು ಮನೆಯ ಟಿವಿಗೆ ಜೋಡಿಸುತ್ತೀರಿ. ಚಿತ್ರವೇನೋ ಬರುತ್ತದೆ. ಆದರೆ ಅಕ್ಷರಗಳ ಅಂಚು ಕದಡಿದಂತಿರುತ್ತದೆ, ಕೆಳಗಿನ ಟಾಸ್ಕ್‌ಬಾರ್ ಅರ್ಧ ಮಾತ್ರ ಕಾಣುತ್ತದೆ. ಯಾರನ್ನು ಕೇಳಿದರೂ ಉತ್ತರ ಒಂದೇ: "ಕೇಬಲ್ ಲೋಕಲ್ ಇರಬೇಕು, ಒಳ್ಳೇದು ಹಾಕಿ."

ನಮ್ಮ ಚಿಕ್ಕಪ್ಪನ ಮನೆಯಲ್ಲೂ ಹೀಗೇ ಆಯಿತು. ಎಸ್‌ಎಸ್‌ಎಲ್‌ಸಿ ಓದುತ್ತಿದ್ದ ತಂಗಿ ರೆಕಾರ್ಡ್ ಮಾಡಿದ ಗಣಿತದ ಪಾಠಗಳನ್ನು 43 ಇಂಚಿನ ಟಿವಿಯಲ್ಲಿ ನೋಡಲಿ, ಚಿಕ್ಕ ಪರದೆಯ ಮುಂದೆ ಬಗ್ಗಿ ಕೂರುವುದು ತಪ್ಪಲಿ ಎಂಬುದು ಅವರ ಆಸೆ. ಆದರೆ ಟಿವಿಯಲ್ಲಿ ಸಂಖ್ಯೆಯ ಮೇಲಿರುವುದು 2 ಅಥವಾ 3 ಎಂಬುದೇ ತಿಳಿಯುತ್ತಿರಲಿಲ್ಲ. ಅಂಗಡಿಯವರ ಮಾತು ಕೇಳಿ ಚಿಕ್ಕಪ್ಪ ಚಿನ್ನದ ಲೇಪನದ ದುಬಾರಿ ಕೇಬಲ್ ತಂದರು. ಚಿತ್ರ ಒಂದಿಷ್ಟೂ ಬದಲಾಗಲಿಲ್ಲ. ಕೊನೆಗೆ ಸರಿಹೋಗಿದ್ದು ಎರಡು ಸೆಟ್ಟಿಂಗ್ ಬದಲಿಸಿದ ಮೇಲೆ. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ದುಬಾರಿ ಕೇಬಲ್ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆಯೇ?

ಇಲ್ಲ. ಎಚ್‌ಡಿಎಂಐ ಕೇಬಲ್‌ನಲ್ಲಿ ಸಾಗುವುದು ಡಿಜಿಟಲ್ ಸಂಕೇತ, ಅಂದರೆ 0 ಮತ್ತು 1ರ ಸಾಲು. ಅದು ಸರಿಯಾಗಿ ತಲುಪಿದರೆ ಅಗ್ಗದ ಕೇಬಲ್‌ನಲ್ಲೂ ದುಬಾರಿ ಕೇಬಲ್‌ನಲ್ಲೂ ಬರುವುದು ಒಂದೇ ಚಿತ್ರ. ಕೇಬಲ್ ನಿಜವಾಗಿಯೂ ಕೆಟ್ಟಿದ್ದರೆ ಅದರ ಲಕ್ಷಣಗಳೇ ಬೇರೆ. ಪರದೆಯ ಮೇಲೆ ಚುಕ್ಕೆಗಳು ಮಿನುಗುತ್ತವೆ, ಚಿತ್ರ ಆಗಾಗ ಮಾಯವಾಗಿ ಪರದೆ ಕಪ್ಪಾಗುತ್ತದೆ, ಇಲ್ಲವೇ 'ನೋ ಸಿಗ್ನಲ್' ಎಂದು ಬರುತ್ತದೆ. ಚಿತ್ರವೆಲ್ಲ ಒಂದೇ ಸಮನೆ ಮಸುಕಾಗುವುದು ಕೇಬಲ್ ಕೆಟ್ಟಿರುವ ಲಕ್ಷಣವಲ್ಲ.

ಹಾಗಾದರೆ ಚಿನ್ನದ ಲೇಪನ ಏಕೆ? ಚಿನ್ನ ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಕನೆಕ್ಟರ್ ಹೆಚ್ಚು ದಿನ ಬಾಳಬಹುದು. ಅಕ್ಷರ ಸ್ಪಷ್ಟವಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಒಂದು ಮಾತು ಮಾತ್ರ ನೆನಪಿರಲಿ. ಹಳೆಯ ಕಂಪ್ಯೂಟರ್‌ಗಳಲ್ಲಿರುವ, ಮೂರು ಸಾಲಿನಲ್ಲಿ 15 ಪಿನ್‌ಗಳ ವಿಜಿಎ ಕನೆಕ್ಟರ್ 1987ರಲ್ಲಿ ಬಂದದ್ದು. ಅದರಲ್ಲಿ ಸಾಗುವುದು ಅನಲಾಗ್ ಸಂಕೇತ. ಅಲ್ಲಿ ಕೇಬಲ್ ಕಳಪೆಯಾದರೆ ಚಿತ್ರ ನಿಜಕ್ಕೂ ಮಸುಕಾಗುತ್ತದೆ. ಕೇಬಲ್ ಬಗ್ಗೆ ಅಂದು ನಿಜವಾಗಿದ್ದ ಮಾತನ್ನು ಎಚ್‌ಡಿಎಂಐಗೂ ಅನ್ವಯಿಸುವುದು ತಪ್ಪು. ನಿಮ್ಮ ಟಿವಿಯಲ್ಲೂ ಕಂಪ್ಯೂಟರ್‌ನಲ್ಲೂ ಎಚ್‌ಡಿಎಂಐ ಇದ್ದರೆ ವಿಜಿಎ ಬಿಟ್ಟು ಅದನ್ನೇ ಬಳಸಿ.

ಹಾಗಾದರೆ ಮಸುಕಾಗುವುದೇಕೆ?

ಟಿವಿ ಪರದೆ ಪಿಕ್ಸೆಲ್ ಎಂಬ ಸಣ್ಣ ಚುಕ್ಕೆಗಳಿಂದ ಆಗಿದೆ. ಫುಲ್ ಎಚ್‌ಡಿ ಟಿವಿಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಒಟ್ಟು 20,73,600. ಕಂಪ್ಯೂಟರ್ ಕಳಿಸುವ ಪ್ರತಿ ಚುಕ್ಕೆಗೂ ಟಿವಿಯ ಒಂದು ಚುಕ್ಕೆ ಸರಿಯಾಗಿ ಕೂತರೆ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಈ ಲೆಕ್ಕ ತಪ್ಪಿದರೆ ಟಿವಿ ಚಿತ್ರವನ್ನು ಎಳೆದು ಹೊಂದಿಸುತ್ತದೆ, ಅಕ್ಷರ ಕದಡುತ್ತದೆ. ಲೆಕ್ಕ ತಪ್ಪುವುದಕ್ಕೆ ಮುಖ್ಯ ಕಾರಣ ಎರಡು.

ಕಾರಣ 1: ಎರಡೂ ಪರದೆಗೆ ಒಂದೇ ಚಿತ್ರ

ಹಲವು ಲ್ಯಾಪ್‌ಟಾಪ್‌ಗಳ ಪರದೆಯಲ್ಲಿ ಇರುವುದು 1366×768 ಚುಕ್ಕೆಗಳು, ಅಂದರೆ ಫುಲ್ ಎಚ್‌ಡಿಯ ಹೆಚ್ಚುಕಡಿಮೆ ಅರ್ಧ. ಒಂದೇ ಚಿತ್ರವನ್ನು ಎರಡೂ ಕಡೆ ತೋರಿಸುವ 'ಡೂಪ್ಲಿಕೇಟ್' ಆಯ್ಕೆಯಲ್ಲಿದ್ದರೆ, ಕಂಪ್ಯೂಟರ್ ಸಾಮಾನ್ಯವಾಗಿ ಎರಡಕ್ಕೂ ಹೊಂದುವ ಕಡಿಮೆ ರೆಸಲ್ಯೂಷನ್ ಆರಿಸುತ್ತದೆ. ಟಿವಿ ಅದೇ ಚಿತ್ರವನ್ನು ಹಿಗ್ಗಿಸಿ ತೋರಿಸುತ್ತದೆ. ಚಿಕ್ಕಪ್ಪನ ಮನೆಯಲ್ಲಿ ಮೊದಲ ತೊಂದರೆ ಇದೇ ಆಗಿತ್ತು.

ಕಾರಣ 2: ಅಂಚು ಕತ್ತರಿಸುವ ಹಳೆಯ ಅಭ್ಯಾಸ

ಡಬ್ಬದಂತಿದ್ದ ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳಲ್ಲಿ ಚಿತ್ರದ ಅಂಚು ನೇರವಾಗಿ, ಒಂದೇ ಅಳತೆಯಲ್ಲಿ ನಿಲ್ಲುತ್ತಿರಲಿಲ್ಲ. ಅದು ಕಾಣದಿರಲೆಂದು ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ, ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಚಪ್ಪಟೆ ಟಿವಿಗಳಿಗೆ ಇದರ ಅಗತ್ಯವೇ ಇಲ್ಲ. ಆದರೂ ಹಲವು ಟಿವಿಗಳಲ್ಲಿ ಈ ಸೆಟ್ಟಿಂಗ್ ಉಳಿದುಕೊಂಡಿದೆ.

ಉದಾಹರಣೆಗೆ ಟಿವಿ ಅಡ್ಡಕ್ಕೂ ಉದ್ದಕ್ಕೂ ಶೇ 5ರಷ್ಟು ಕತ್ತರಿಸಿತು ಎಂದುಕೊಳ್ಳಿ. ಆಗ ನಿಮಗೆ ಕಾಣುವುದು 1824×1026 ಚುಕ್ಕೆಗಳ ಚಿತ್ರ ಮಾತ್ರ. ಎರಡು ಲಕ್ಷಕ್ಕೂ ಹೆಚ್ಚು ಚುಕ್ಕೆ ಕಾಣೆ. ಉಳಿದದ್ದನ್ನು ಟಿವಿ ಹಿಗ್ಗಿಸುವುದರಿಂದ ಅದೂ ಮಸುಕು. ಸಿನಿಮಾ ನೋಡುವಾಗ ಇದು ಗಮನಕ್ಕೇ ಬರುವುದಿಲ್ಲ. ಅಕ್ಷರ ಓದುವಾಗ ಕೂಡಲೇ ತಿಳಿಯುತ್ತದೆ.

ಸರಿಪಡಿಸುವುದು ಹೇಗೆ?

1. ಮೊದಲು ನಿಮ್ಮ ಟಿವಿಯ ನಿಜವಾದ ರೆಸಲ್ಯೂಷನ್ ಎಷ್ಟೆಂದು ಬಾಕ್ಸ್ ಅಥವಾ ಕೈಪಿಡಿಯಲ್ಲಿ ನೋಡಿ. 'ಎಚ್‌ಡಿ ರೆಡಿ' ಎಂದಿದ್ದರೆ ಸಾಮಾನ್ಯವಾಗಿ 1366×768. 'ಫುಲ್ ಎಚ್‌ಡಿ' ಎಂದರೆ 1920×1080. 4ಕೆ ಟಿವಿಯಾದರೆ 3840×2160. ಎಚ್‌ಡಿ ರೆಡಿ ಟಿವಿಗೆ 1080ರ ಚಿತ್ರ ಕಳಿಸಿದರೂ ಅದು ಕುಗ್ಗಿಸಿಯೇ ತೋರಿಸುತ್ತದೆ. ಅದಕ್ಕೆ ಯಾವ ಕೇಬಲ್ಲೂ ಪರಿಹಾರವಲ್ಲ.

2. ವಿಂಡೋಸ್ ಕಂಪ್ಯೂಟರ್ ಆದರೆ ವಿಂಡೋಸ್ ಕೀ ಜೊತೆ 'ಪಿ' ಒತ್ತಿ. 'ಸೆಕೆಂಡ್ ಸ್ಕ್ರೀನ್ ಓನ್ಲಿ' ಅಥವಾ 'ಎಕ್ಸ್‌ಟೆಂಡ್' ಆಯ್ಕೆ ಮಾಡಿ.

3. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ ತೆರೆಯಿರಿ. ಟಿವಿಯ ಪರದೆಯನ್ನು ಆರಿಸಿ, ಟಿವಿಯ ನಿಜವಾದ ರೆಸಲ್ಯೂಷನ್ ಪಟ್ಟಿಯಲ್ಲಿದ್ದರೆ ಅದನ್ನೇ ಕೊಡಿ. ಅಕ್ಷರ ಚಿಕ್ಕದಾಯಿತು ಎನಿಸಿದರೆ ರೆಸಲ್ಯೂಷನ್ ಇಳಿಸಬೇಡಿ. ಅಲ್ಲೇ ಇರುವ 'ಸ್ಕೇಲ್' ಅನ್ನು ಶೇ 125 ಅಥವಾ 150ಕ್ಕೆ ಏರಿಸಿ. ಅಕ್ಷರ ದೊಡ್ಡದಾಗುತ್ತದೆ, ಸ್ಪಷ್ಟತೆಯೂ ಉಳಿಯುತ್ತದೆ.

4. ಈಗ ಟಿವಿಯ ರಿಮೋಟ್ ಹಿಡಿಯಿರಿ. ಪಿಕ್ಚರ್ ಮೆನುವಿನಲ್ಲಿ ಓವರ್‌ಸ್ಕ್ಯಾನ್ ತೆಗೆಯುವ ಆಯ್ಕೆ ಹುಡುಕಿ. ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು. ಎಲ್‌ಜಿಯಲ್ಲಿ 'ಜಸ್ಟ್ ಸ್ಕ್ಯಾನ್', ಸ್ಯಾಮ್‌ಸಂಗ್‌ನಲ್ಲಿ 'ಸ್ಕ್ರೀನ್ ಫಿಟ್' ಅಥವಾ 'ಫಿಟ್ ಟು ಸ್ಕ್ರೀನ್', ಸೋನಿಯ ಹಲವು ಮಾದರಿಗಳಲ್ಲಿ 'ಫುಲ್ ಪಿಕ್ಸೆಲ್'. ಟಾಸ್ಕ್‌ಬಾರ್ ಪೂರ್ತಿ ಕಂಡರೆ ಸರಿಯಾಯಿತು ಎಂದರ್ಥ.

5. ಕೆಲವು ಟಿವಿಗಳಲ್ಲಿ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು 'ಪಿಸಿ' ಎಂದು ಬದಲಿಸಬಹುದು. ಹಾಗೆ ಮಾಡಿದರೆ ಟಿವಿ ಬಣ್ಣದ ಮಾಹಿತಿಯನ್ನು ಕಡಿತ ಮಾಡದೆ ತೋರಿಸುತ್ತದೆ. ಬಣ್ಣದ ಅಕ್ಷರಗಳ ಸುತ್ತ ಕಾಣುವ ಕದಡಿದ ಅಂಚು ಇದರಿಂದ ಹೋಗುತ್ತದೆ. ಟಿವಿಯ 'ಶಾರ್ಪ್‌ನೆಸ್' ಕೂಡ ತಗ್ಗಿಸಿ ನೋಡಿ. ಅದು ಹೆಚ್ಚಿದ್ದರೆ ಅಕ್ಷರದ ಸುತ್ತ ಬಿಳಿ ಗೆರೆ ಮೂಡುತ್ತದೆ.

ಕೇಬಲ್ ಲೆಕ್ಕಕ್ಕೇ ಇಲ್ಲವೇ?

4ಕೆ ಟಿವಿ ಇದ್ದರೆ ಲೆಕ್ಕಕ್ಕಿದೆ. 4ಕೆ ಎಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆಗಳು. 2009ರ ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಹೋಗುತ್ತದೆ. ಮೌಸ್ ಸರಿಸಿದರೆ ಬಾಣ ತಡವರಿಸಿದಂತೆ ಕಾಣಲು ಇದು ಕಾರಣವಿರಬಹುದು. 2013ರ ಎಚ್‌ಡಿಎಂಐ 2.0 ಬಂದ ಮೇಲೆ 60 ಬಾರಿ ಕಳಿಸುವುದು ಸಾಧ್ಯವಾಯಿತು. ಆದರೆ ಲ್ಯಾಪ್‌ಟಾಪ್, ಟಿವಿ, ಕೇಬಲ್ ಮೂರೂ ಅದಕ್ಕೆ ತಕ್ಕಂತಿರಬೇಕು. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಕೇಬಲ್ ಬದಲಿಸಿ ಪ್ರಯೋಜನವಿಲ್ಲ.

ಕೇಬಲ್ ಕೊಳ್ಳುವಾಗ ಬೆಲೆಯನ್ನಲ್ಲ, ಅದರ ಮೇಲಿನ ದರ್ಜೆಯನ್ನು ನೋಡಿ. ಫುಲ್ ಎಚ್‌ಡಿಗೆ 'ಹೈ ಸ್ಪೀಡ್' ಧಾರಾಳವಾಗಿ ಸಾಕು. 4ಕೆ 60ಕ್ಕೆ 'ಪ್ರೀಮಿಯಂ ಹೈ ಸ್ಪೀಡ್'. ಅದಕ್ಕೂ ಹೆಚ್ಚಿನ 4ಕೆ 120 ಅಥವಾ 8ಕೆಗೆ 'ಅಲ್ಟ್ರಾ ಹೈ ಸ್ಪೀಡ್'.

ಹೊಸ ಲ್ಯಾಪ್‌ಟಾಪ್‌ಗಳ ಟೈಪ್-ಸಿ ಕಿಂಡಿಯಿಂದ ಜೋಡಿಸುವವರು ಇನ್ನೊಂದು ವಿಷಯ ಗಮನಿಸಿ. ಎಲ್ಲ ಟೈಪ್-ಸಿ ಕಿಂಡಿಗಳೂ ಚಿತ್ರ ಕಳಿಸುವುದಿಲ್ಲ. ಅಡಾಪ್ಟರ್ ಕೊಳ್ಳುವ ಮೊದಲು ಲ್ಯಾಪ್‌ಟಾಪ್ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ.

ಇಷ್ಟಾದರೂ ಚುಕ್ಕೆ ಕಂಡರೆ?

ಅದು ಟಿವಿಯ ದೋಷವಲ್ಲ. 43 ಇಂಚಿನ ಫುಲ್ ಎಚ್‌ಡಿ ಟಿವಿಯಲ್ಲಿ ಒಂದೊಂದು ಚುಕ್ಕೆಯ ಅಗಲ ಸುಮಾರು ಅರ್ಧ ಮಿಲಿಮೀಟರ್. ತೀರಾ ಹತ್ತಿರ ಕೂತರೆ ಅದು ಕಾಣುತ್ತದೆ. ಸುಮಾರು ಆರು ಅಡಿ ದೂರದಲ್ಲಿ ಕೂತರೆ ಸಾಮಾನ್ಯ ದೃಷ್ಟಿಯ ಕಣ್ಣಿಗೆ ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದಿಲ್ಲ.

ಕೊನೆಯ ಮಾತು

ಟಿವಿಯಲ್ಲಿ ಅಕ್ಷರ ಮಸುಕಾಗಿದ್ದರೆ ಹೊಸ ಕೇಬಲ್ಲಿಗಾಗಲಿ ಹೊಸ ಟಿವಿಗಾಗಲಿ ದುಡ್ಡು ಹಾಕುವ ಮೊದಲು ಮೂರು ವಿಷಯ ನೋಡಿ: ಕಂಪ್ಯೂಟರ್ ಕಳಿಸುತ್ತಿರುವ ರೆಸಲ್ಯೂಷನ್, ಡೂಪ್ಲಿಕೇಟ್ ಆಯ್ಕೆ, ಟಿವಿಯ ಓವರ್‌ಸ್ಕ್ಯಾನ್. ಹತ್ತು ನಿಮಿಷದ ಕೆಲಸ. ಚಿಕ್ಕಪ್ಪನ ಮನೆಯಲ್ಲಿ ಈಗ ಕೇಬಲ್ ಜೊತೆ ಬಂದಿದ್ದ ಹಳೆಯ ಕೇಬಲ್ಲೇ ಮತ್ತೆ ಬಳಕೆಯಲ್ಲಿದೆ. ತಂಗಿಗೆ ಸಂಖ್ಯೆಯ ಮೇಲಿನ 2 ಮತ್ತು 3 ಸ್ಪಷ್ಟವಾಗಿ ಕಾಣುತ್ತಿವೆ. ನಿಮ್ಮ ಗ್ರೂಪಿನಲ್ಲಿ ಯಾರಾದರೂ "ಒಳ್ಳೇ ಕೇಬಲ್ ಹಾಕಿ" ಎಂದರೆ, ಅವರಿಗೂ ಇದನ್ನು ಕಳಿಸಿ.