ವಿಷಾದಕ್ಕೆ ಬಿದ್ದ ಕತ್ತರಿ

1802ರ ಅಕ್ಟೋಬರ್ 4ರಂದು ವಿಲಿಯಂ ವರ್ಡ್ಸ್‌ವರ್ತ್ ಮೇರಿ ಹಚಿನ್ಸನ್‌ಳನ್ನು ಮದುವೆಯಾದ. ಅದೇ ದಿನ ಲಂಡನ್ನಿನ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಅವನ ಆಪ್ತ ಗೆಳೆಯ ಕೋಲ್‌ರಿಜ್‌ನ ‘ಡಿಜೆಕ್ಷನ್’ ಪ್ರಗಾಥ ಅಚ್ಚಾಯಿತು. ಮಂಗಳದ ದಿನಕ್ಕೆ ವಿಷಾದದ ಪದ್ಯ! ಕೋಲ್‌ರಿಜ್ ಸಾರಾ ಫ್ರಿಕರ್‌ಳ ಕೈಹಿಡಿದು ಅಂದಿಗೆ ಸರಿಯಾಗಿ ಏಳು ವರ್ಷ. ಆ ಸಂಸಾರದಲ್ಲಿ ನೆಮ್ಮದಿ ಉಳಿದಿರಲಿಲ್ಲ.

ಪದ್ಯ ಹುಟ್ಟಿದ್ದು ಪ್ರಕಟಣೆಗಾಗಿ ಅಲ್ಲ. ಅದೇ ವರ್ಷದ ಏಪ್ರಿಲ್ 4ರಂದು ಕೆಸ್ವಿಕ್‌ನ ಗ್ರೆಟಾ ಹಾಲ್‌ನಲ್ಲಿ ಕುಳಿತು ಕೋಲ್‌ರಿಜ್ ಮೇರಿಯ ತಂಗಿ ಸಾರಾ ಹಚಿನ್ಸನ್‌ಳಿಗೆ ಬರೆದ ಪದ್ಯರೂಪದ ಪತ್ರ ಅದು. ಸುಮಾರು 340 ಸಾಲು. ಕೈಗೂಡದ ಪ್ರೀತಿ, ಮನೆಯ ಕಲಹ, ಸೊರಗುತ್ತಿರುವ ಪ್ರತಿಭೆ ಎಲ್ಲವನ್ನೂ ಅದರಲ್ಲಿ ತೋಡಿಕೊಂಡಿದ್ದ. ನೋಡುವವನೊಳಗೆ ಸಂತೋಷ ಬತ್ತಿದರೆ ಪ್ರಕೃತಿ ಏನನ್ನೂ ಕೊಡಲಾರದು ಎಂಬುದು ಅದರ ತಿರುಳು. ಕಾಯಿಲೆಗೆಂದು ಕುಡಿಯತೊಡಗಿದ ಲಾಡನಮ್, ಅಂದರೆ ಮದ್ಯದಲ್ಲಿ ಕದಡಿದ ಅಫೀಮು, ಅಷ್ಟರಲ್ಲಿ ಚಟವಾಗಿತ್ತು.

ಏಪ್ರಿಲ್ 21ರಂದು ಕೋಲ್‌ರಿಜ್ ಈ ಸಾಲುಗಳನ್ನು ವರ್ಡ್ಸ್‌ವರ್ತ್‌ಗೂ ಅವನ ತಂಗಿ ಡೊರೊತಿಗೂ ಓದಿ ಹೇಳಿದ. ಕೇಳಿ ಮನಸ್ಸು ಕುಗ್ಗಿತೆಂದು ಡೊರೊತಿ ದಿನಚರಿಯಲ್ಲಿ ಬರೆದಿದ್ದಾಳೆ.

ಆಮೇಲೆ ಕತ್ತರಿ ಕೆಲಸ ಶುರುವಾಯಿತು. ಸಂಸಾರದ ಗುಟ್ಟೆಲ್ಲ ಕತ್ತರಿಗೆ ಸಿಕ್ಕು ಹೋಯಿತು. ಚಂದ್ರ, ಗಾಳಿ, ಬಿರುಮಳೆ ಉಳಿದವು. ಸಾರಾ ಹಚಿನ್ಸನ್ ಇದ್ದಲ್ಲಿ ಪತ್ರಿಕೆಗಾಗಿ ‘ಎಡ್ಮಂಡ್’ ಬಂದ. 1817ರ ‘ಸಿಬಿಲೈನ್ ಲೀವ್ಸ್’ ಸಂಕಲನದಲ್ಲಿ ಅವನೂ ಹೋಗಿ ಹೆಸರಿಲ್ಲದ ಮಹಿಳೆಯೊಬ್ಬಳು ಬಂದಳು. ಕೊನೆಗೆ ನಿಂತ ಪಾಠ 139 ಸಾಲಿನದು. ರೊಮ್ಯಾಂಟಿಕ್ ಕವಿಗಳು ದುಃಖವನ್ನು ಇದ್ದಂತೆಯೇ ಹರಿಯಬಿಟ್ಟರೆಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ವರ್ಡ್ಸ್‌ವರ್ತ್ ಕೂಡ ಇದೇ ದಾರಿ ಹಿಡಿದ. 1802ರ ಮೇ ತಿಂಗಳಲ್ಲಿ ಅವನು ಕೈಗೆತ್ತಿಕೊಂಡ ‘ರೆಸಲ್ಯೂಷನ್ ಅಂಡ್ ಇಂಡಿಪೆಂಡೆನ್ಸ್’ ಹದಿನೇಳಕ್ಕೇ ತೀರಿಕೊಂಡ ಚ್ಯಾಟರ್ಟನ್‌ನನ್ನೂ ಮೂವತ್ತೇಳಕ್ಕೆ ಅಗಲಿದ ಬರ್ನ್ಸ್‌ನನ್ನೂ ನೆನೆದು ಕವಿಯ ಪಾಡು ಇಷ್ಟೇನೇ ಎಂದು ಅಂಜುತ್ತದೆ. ಆ ಅಂಜಿಕೆಗೆ ಉತ್ತರವಾಗಿ ಬರುವವನು ಜಿಗಣೆ ಹಿಡಿಯುವ ಮುದುಕ. 1800ರಲ್ಲಿ ಅಣ್ಣ-ತಂಗಿ ದಾರಿಯಲ್ಲಿ ಕಂಡ ಆ ಮುದುಕ, ಡೊರೊತಿಯ ದಿನಚರಿಯ ಪ್ರಕಾರ, ಜಿಗಣೆ ಸಿಗದೆ ಭಿಕ್ಷೆ ಬೇಡುತ್ತಿದ್ದ. ಪದ್ಯದಲ್ಲಿ ಅವನು ಯಾರ ಮುಂದೆಯೂ ಕೈಚಾಚುವುದಿಲ್ಲ.

ಸಾರಾಳಿಗೆ ಬರೆದ ಮೂಲಪಾಠವನ್ನು ಅರ್ನೆಸ್ಟ್ ಡಿ ಸೆಲಿಂಕೋರ್ಟ್ 1937ರಲ್ಲಿ ಪ್ರಕಟಿಸಿದರು. ಬಿಚ್ಚುಮನಸ್ಸಿನ ಪತ್ರ ಮೇಲೋ, ಬಿಗಿಯಾದ ಪ್ರಗಾಥ ಮೇಲೋ ಎಂಬ ವಿಮರ್ಶಕರ ವಾದ ಅಲ್ಲಿಂದ ಶುರುವಾಯಿತು, ಇಂದಿಗೂ ಇತ್ಯರ್ಥವಾಗಿಲ್ಲ.